ಕಾರ್ಖಾನೆಯ ಕನ್ನಡ ಸಂಘ, ಕಂಪನಿಯ ನೌಕರರ ಬಳಗ

ರಾಜರಾಜೇಶ್ವರಿನಗರದ ಬಿಇಎಂಎಲ್ ಬಡಾವಣೆ ಕೇಂದ್ರ ಸರ್ಕಾರದ ಉದ್ದಿಮೆಯೊಂದರ ಹೆಸರನ್ನು ಹೊತ್ತಿದೆ. ಸಮೀಪದ ಪಟ್ಟಣಗೆರೆಯಲ್ಲಿ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ತಲೆಯೆತ್ತಿತು. ಬೆಂಗಳೂರಿನ ದುಡಿಮೆಯ ಎರಡು ತಲೆಮಾರುಗಳು ಹೀಗೆ ಅಕ್ಕಪಕ್ಕದಲ್ಲಿವೆ. ಎರಡೂ ಬಗೆಯ ಉದ್ದಿಮೆಗಳಲ್ಲಿ ನೌಕರರು ಸಂಬಳಕ್ಕಾಗಿ ಮಾತ್ರವಲ್ಲದೆ ಭಾಷೆ, ಜಾತಿ, ಲಿಂಗದಂತಹ ಗುರುತಿನ ಆಧಾರದ ಮೇಲೂ ಒಂದುಗೂಡಿದ್ದಾರೆ. ಆದರೆ ಅವರು ಆಡಳಿತದ ಮುಂದೆ ಇಡಬಹುದಾದ ಬೇಡಿಕೆಗಳು ಮಾತ್ರ ಒಂದೇ ಬಗೆಯವಲ್ಲ.

ಇಂತಹ ಕೂಟಗಳು ಬೆಂಗಳೂರಿಗೆ ಐಟಿ ಕಂಪನಿಗಳೊಂದಿಗೆ ಬಂದವಲ್ಲ. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಹಾಗೂ ಬಿಇಎಂಎಲ್ (1964) ಕಾರ್ಖಾನೆಗಳಿಗೆ ದೇಶದ ನಾನಾ ಭಾಗಗಳಿಂದ ಅಧಿಕಾರಿಗಳೂ ಕಾರ್ಮಿಕರೂ ಬಂದರು. ತಮ್ಮ ನೆಲದಲ್ಲಿಯೇ ತಮ್ಮ ಭಾಷೆಗೆ ಸ್ಥಾನವಿಲ್ಲವೆಂಬ ಕೊರಗು ಕನ್ನಡಿಗ ನೌಕರರಲ್ಲಿ ಬೆಳೆಯಿತು. ಕಾರ್ಖಾನೆಗಳ ಕನ್ನಡ ಸಂಘಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ರಾಜ್ಯೋತ್ಸವ, ನಾಟಕ, ಪರಭಾಷಿಕರಿಗೆ ಕನ್ನಡ ತರಗತಿಗಳ ಜೊತೆಗೆ ಸ್ಥಳೀಯರ ನೇಮಕಾತಿಯ ಬೇಡಿಕೆಯೂ ಅವುಗಳ ವೇದಿಕೆಯಿಂದ ಕೇಳಿಬಂತು. ಅವುಗಳನ್ನು ಬರೀ ಉತ್ಸವ ಸಮಿತಿಗಳೆಂದು ಭಾವಿಸುವುದು ತಪ್ಪಾದೀತು. ಹಾಗೆಂದು ಭಾಷೆ ಎಲ್ಲ ಕಾಲದಲ್ಲಿಯೂ ಕಾರ್ಮಿಕರನ್ನು ಒಡೆಯಲಿಲ್ಲ: 1980–81ರ 77 ದಿನಗಳ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಎಲ್ಲ ಭಾಷಿಕರೂ ಜೊತೆಗೂಡಿ ನಿಂತರು.

1982ರ ಗೋಕಾಕ್ ಚಳವಳಿಯ ನಂತರ ಉದ್ಯೋಗದ ಪ್ರಶ್ನೆ ಮುನ್ನೆಲೆಗೆ ಬಂದಿತು. ಡಾ. ಸರೋಜಿನಿ ಮಹಿಷಿ ಸಮಿತಿ 1986ರ ಅಂತಿಮ ವರದಿಯಲ್ಲಿ, ರಾಜ್ಯದಲ್ಲಿರುವ ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲವೂ ಕನ್ನಡಿಗರಿಗೆ ದೊರೆಯಬೇಕೆಂದಿತು. 58 ಶಿಫಾರಸುಗಳ ಪೈಕಿ 45ನ್ನು ರಾಜ್ಯ ಸರ್ಕಾರ ಒಪ್ಪಿತಾದರೂ ಕೇಂದ್ರೋದ್ಯಮಗಳ ನೇಮಕಾತಿ ಅದರ ಕೈಯಲ್ಲಿರಲಿಲ್ಲ. ಸರ್ಕಾರಿ ಹುದ್ದೆಗೆ ವಾಸಸ್ಥಳದ ಷರತ್ತು ವಿಧಿಸುವ ಅಧಿಕಾರವನ್ನು ಸಂವಿಧಾನದ 16(3)ನೇ ವಿಧಿ ಸಂಸತ್ತಿಗೆ ಮಾತ್ರ ನೀಡಿದೆ.

ಖಾಸಗಿ ಕಂಪನಿಗಳ ಬಳಗಗಳ ಮೂಲ ಬೇರೆ. ಅಮೆರಿಕದ ಜೆರಾಕ್ಸ್ ಕಂಪನಿಯ ಕಪ್ಪು ಜನಾಂಗದ ನೌಕರರು 1970ರ ಸುಮಾರಿಗೆ ಕಟ್ಟಿದ ಕೂಟಗಳು ಅವುಗಳಿಗೆ ಮಾದರಿ. ಇನ್ಫೋಸಿಸ್‌ನಲ್ಲಿ ಮಹಿಳೆಯರ ಬಳಗ 2003ರಲ್ಲಿ ಆರಂಭವಾಯಿತು. ಲೈಂಗಿಕ ಅಲ್ಪಸಂಖ್ಯಾತರ ಬಳಗ 2011ರಲ್ಲಿ, ಅಂದರೆ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡುವ ಮೊದಲೇ, ರೂಪುಗೊಂಡಿತು. ಇವು ಆಡಳಿತ ವರ್ಗದ ಒಪ್ಪಿಗೆಯಿಂದ ನಡೆಯುವ ಬಳಗಗಳು; ಕಾರ್ಮಿಕ ಸಂಘದಂತೆ ಚೌಕಾಸಿಗೆ ಕೂರುವಂತಿಲ್ಲ. ಜಾತಿಯ ಮಾತು ಇಲ್ಲಿ ಅಪರೂಪ. ಸಾರ್ವಜನಿಕ ಉದ್ದಿಮೆಗಳ ಪರಿಶಿಷ್ಟ ಜಾತಿ, ಪಂಗಡದ ನೌಕರರ ಸಂಘಗಳಿಗೆ ಮೀಸಲಾತಿ ರೋಸ್ಟರ್‌ನ ಆಧಾರವಿದೆ. ಖಾಸಗಿ ವಲಯದಲ್ಲಿ ಅದಿಲ್ಲ.

ಸ್ಥಳೀಯರಿಗೆ ಖಾಸಗಿ ವಲಯದ ಆಡಳಿತ ಹುದ್ದೆಗಳಲ್ಲಿ ಶೇ 50 ಹಾಗೂ ಇತರ ಹುದ್ದೆಗಳಲ್ಲಿ ಶೇ 70ರಷ್ಟು ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ 2024ರ ಜುಲೈ 15ರಂದು ಒಪ್ಪಿಗೆ ನೀಡಿತ್ತು. ನಾಸ್ಕಾಂ ಸೇರಿದಂತೆ ಉದ್ಯಮ ವಲಯ ವಿರೋಧಿಸಿದ ಬಳಿಕ ಜುಲೈ 17ರಂದು ಅದನ್ನು ತಡೆಹಿಡಿಯಲಾಯಿತು. ಪ್ರೌಢಶಾಲೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿರದ ಅಭ್ಯರ್ಥಿ ಕನ್ನಡ ಪ್ರಾವೀಣ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಷರತ್ತೂ ಆ ಮಸೂದೆಯಲ್ಲಿತ್ತು.