‘ಇನ್‌ಫರ್ನಲ್’ ಎಂಬ ಮಾತು

ಇಂಗ್ಲಿಷಿನಲ್ಲಿ ‘ಇನ್‌ಫರ್ನಲ್’ ಎಂಬುದೊಂದು ವಿಶೇಷಣವಿದೆ. ನರಕಕ್ಕೆ ಸೇರಿದ್ದು, ನರಕಕ್ಕೇ ತಕ್ಕಂಥ ದುಷ್ಟತನದ್ದು ಎಂದು ಅದರ ಅರ್ಥ. ಆದರೆ ಮೂಲದಲ್ಲಿ ಆ ಶಬ್ದದೊಳಗೆ ಬೆಂಕಿಯೂ ಇರಲಿಲ್ಲ, ಪಾಪವೂ ಇರಲಿಲ್ಲ. ಲ್ಯಾಟಿನ್ನಿನ ‘ಇನ್‌ಫೆರುಸ್’ ಎಂದರೆ ಕೆಳಗಿನದು, ಅಷ್ಟೆ. ಸಂಸ್ಕೃತದ ‘ಅಧರ’ವೂ ಅದೇ ಬೇರಿನಿಂದ ಒಡೆದ ಕುಡಿ. ‘ಅಧರ’ವು ತುಟಿಯಾಗಿ ಕವಿಗಳ ಪಾಲಾಯಿತು, ಅದರ ಒಡಹುಟ್ಟಾದ ‘ಅಧಮ’ ಬೈಗುಳವಾಯಿತು. ಪಶ್ಚಿಮದಲ್ಲಿಯೂ ನಡೆದದ್ದು ಇದೇ. ರೋಮನರ ಪಾಲಿಗೆ ಸತ್ತವರೆಲ್ಲರ ನೆಲೆಯಾಗಿದ್ದ ಅಧೋಲೋಕವು ಕ್ರೈಸ್ತರ ಕಾಲಕ್ಕೆ ಪಾಪಿಗಳ ಸೆರೆಮನೆಯಾಯಿತು. ‘ಕೆಳಗೆ’ ಎಂಬ ದಿಕ್ಕು ‘ಕೆಟ್ಟದ್ದು’ ಎಂಬ ತೀರ್ಪಾಯಿತು.

14ನೆಯ ಶತಮಾನದಲ್ಲಿ ಫ್ರೆಂಚಿನ ಮೂಲಕ ಈ ಮಾತು ಇಂಗ್ಲಿಷಿಗೆ ಬಂದಿತು. 1667ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದಲ್ಲಿ ಮಿಲ್ಟನ್ ಇದನ್ನು ಸೈತಾನನಿಗೆ ಅನ್ವಯಿಸಿದ. ಕ್ರಮೇಣ ಇದು ಬೀದಿಗಿಳಿದು, ಸಹಿಸಲಾರದ ಸದ್ದಿಗೂ ಸೆಕೆಗೂ ಸಲ್ಲುವಷ್ಟು ಸವೆಯಿತು.

ಆದರೆ ಒಂದು ಸಂಜೆ ಈ ಶಬ್ದ ತನ್ನ ಪೂರ್ಣ ಭಾರವನ್ನು ಮರಳಿ ಪಡೆಯಿತು. 1800ರ ಡಿಸೆಂಬರ್ 24ರಂದು ನೆಪೋಲಿಯನ್, ಹೈಡನ್ನನ ‘ಸೃಷ್ಟಿ’ ಎಂಬ ಸಂಗೀತಕೃತಿಯನ್ನು ಕೇಳಲು ಪ್ಯಾರಿಸ್ಸಿನ ಆಪೆರಾಕ್ಕೆ ಹೊರಟಿದ್ದ. ಸೇಂಟ್ ನಿಕೇಸ್ ಬೀದಿಯಲ್ಲಿ ಮದ್ದು ತುಂಬಿದ ಪೀಪಾಯಿಯ ಗಾಡಿಯೊಂದು ಕಾದಿತ್ತು. ಕುದುರೆಯನ್ನು ಹಿಡಿದು ನಿಲ್ಲಲೆಂದು ಹದಿನಾಲ್ಕರ ಬಡ ಹುಡುಗಿಯೊಬ್ಬಳಿಗೆ ಸಂಚುಗಾರರು 12 ಸೂ ಕಾಸು ಕೊಟ್ಟಿದ್ದರು. ನೆಪೋಲಿಯನ್ನನ ಸಾರೋಟು ದಾಟಿಹೋಯಿತು. ಆಮೇಲೆ ಗಾಡಿ ಸಿಡಿಯಿತು. ಅವನು ಉಳಿದ, ದಾರಿಹೋಕರು ಸತ್ತರು, ಆ ಹುಡುಗಿಯೂ ಸತ್ತಳು.

ಜನ ಆ ಗಾಡಿಯನ್ನು ‘ನರಕಯಂತ್ರ’ವೆಂದು ಕರೆದರು. ಇಂಗ್ಲಿಷಿನಲ್ಲಿಯೂ ‘ಇನ್‌ಫರ್ನಲ್ ಮಷೀನ್’ ಎಂಬುದು ಮರೆಯಲ್ಲಿಟ್ಟ ಸಿಡಿಮದ್ದಿನ ಹೆಸರಾಯಿತು. ಹೆಸರೇನೋ ತಕ್ಕದ್ದೇ. ಆದರೆ ಕೃತ್ಯ ನರಕದ್ದೆಂದ ಮೇಲೆ ಮಾಡಿದವರು ರಾಕ್ಷಸರೇ ಇರಬೇಕು. ರಾಕ್ಷಸರು ಯಾರೆಂಬುದನ್ನು ಅಧಿಕಾರ ಮೊದಲೇ ನಿಶ್ಚಯಿಸಿಕೊಂಡಿತ್ತು. ಇದು ರಾಜಪಕ್ಷದವರ ಕೆಲಸವೆಂದು ಪೊಲೀಸ್ ಮಂತ್ರಿ ಫೂಷೆ ಹೇಳಿದರೂ ನೆಪೋಲಿಯನ್ ಕಿವಿಗೊಡಲಿಲ್ಲ. ತನ್ನ ವಿರೋಧಿಗಳಾದ ಜಾಕೋಬಿನ್ನರಲ್ಲಿ ಸುಮಾರು 130 ಮಂದಿಗೆ 1801ರ ಜನವರಿಯಲ್ಲಿ ಗಡೀಪಾರು ವಿಧಿಸಿದ. ಹಲವರನ್ನು ದೂರದ ಸೇಷೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಅತ್ತ ಪೊಲೀಸರು ಸತ್ತ ಕುದುರೆಯ ಗುರುತು ಹಿಡಿದು ಹೊರಟು, ನಿಜವಾದ ಅಪರಾಧಿಗಳನ್ನು ಮುಟ್ಟಿದರು. ಅವರು ರಾಜಪಕ್ಷದವರೇ. ಏಪ್ರಿಲ್‌ನಲ್ಲಿ ಅವರಲ್ಲಿ ಇಬ್ಬರಿಗೆ ಮರಣದಂಡನೆಯಾಯಿತು. ಹಾಗಿದ್ದರೂ ಗಡೀಪಾರಿನ ಆಜ್ಞೆ ರದ್ದಾಗಲಿಲ್ಲ.

ದುಷ್ಟತನವನ್ನು ‘ಕೆಳಗಿನ ಲೋಕ’ಕ್ಕೆ ಒಪ್ಪಿಸಿಬಿಡುವುದರಲ್ಲಿ ನಮಗೊಂದು ಸಮಾಧಾನವುಂಟು: ಅದು ನಮ್ಮ ನೆಲದ್ದಲ್ಲ, ನಮ್ಮವರದಲ್ಲ. ಆದರೆ ಆ ಗಾಡಿ ನಿಂತದ್ದು ಪಾತಾಳದಲ್ಲಲ್ಲ, ಎಲ್ಲರೂ ನಡೆದಾಡುವ ಬೀದಿಯಲ್ಲಿ. ಹುಡುಗಿಯ ಕೈಗೆ ಕಾಸಿತ್ತದ್ದು ಮನುಷ್ಯರ ಕೈ. ನಿರಪರಾಧಿಗಳ ಪಟ್ಟಿಗೆ ರುಜು ಹಾಕಿದ್ದೂ ಮನುಷ್ಯರ ಕೈಯೇ. ಮೊದಲನೆಯದನ್ನು ‘ಇನ್‌ಫರ್ನಲ್’ ಎಂದು ಕರೆದ ಲೋಕ ಎರಡನೆಯದನ್ನು ರಾಜನೀತಿಯೆಂದು ಕರೆಯಿತು.