ಕ್ಲಚ್ಚು, ಗೇರು ಮತ್ತು ಒಂದು ಡಬ್ಬಿ ಎಣ್ಣೆ

ಬೈಕಿನ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಗೆ ಎರಡು ವಿರುದ್ಧ ಕೆಲಸಗಳಿವೆ. ಗೇರಿನ ಹಲ್ಲು ಹಲ್ಲನ್ನು ಉಜ್ಜದಂತೆ ಅದು ಜಾರಿಸಬೇಕು. ಅದೇ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿದಾಗ ಜಾರದಂತೆಯೂ ಇರಬೇಕು. ಕಾರಿನಲ್ಲಿ ಈ ಇಕ್ಕಟ್ಟಿಲ್ಲ, ಅದರ ಕ್ಲಚ್ಚು ಒಣಗಿರುತ್ತದೆ. ಬೈಕಿನಲ್ಲಿ ಎಂಜಿನ್ನು, ಕ್ಲಚ್ಚು, ಗೇರ್‌ಬಾಕ್ಸು ಎಂಬ ಮೂರು ಕೋಣೆಗಳಿದ್ದವು. ಕಳೆದ ಎಪ್ಪತ್ತು ವರ್ಷಗಳಲ್ಲಿ ಅವುಗಳ ನಡುವಿನ ಗೋಡೆಗಳು ಒಂದೊಂದಾಗಿ ಬಿದ್ದವು. ಪ್ರತಿ ಗೋಡೆ ಬಿದ್ದಾಗಲೂ ಎಣ್ಣೆಯ ಹೊರೆ ಹೆಚ್ಚಿತು, ಮೆಕ್ಯಾನಿಕ್ಕಿನ ಹಳೆಯ ರೂಢಿಯೊಂದು ತಪ್ಪಾಯಿತು.

ಈ ಬದಲಾವಣೆಯ ಮೂರೂ ಹಂತದ ಗಾಡಿಗಳು ಒಟ್ಟಿಗೇ ಓಡಾಡಿದ ಸೀಮೆಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳೂ ಸೇರಿವೆ. ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯವು. 1997ರಲ್ಲಿ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು, ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಹಾಗಾಗಿ ತೊಂಬತ್ತರ ದಶಕದ ಆರಂಭದಲ್ಲಿ ನೋಂದಣಿಯಾದ ಹೊನ್ನಾಳಿಯ ಬೈಕಿನ ಮೇಲೆ ಶಿವಮೊಗ್ಗದ ಕೆಎ-14 ಎಂದಿರುತ್ತದೆ. ಹವೆಯೂ ಒಂದೇ ಅಲ್ಲ. ನ್ಯಾಮತಿ, ಚನ್ನಗಿರಿಗಳ ಪಶ್ಚಿಮ ಭಾಗ ಅಡಿಕೆ ತೋಟಗಳ ಅರೆಮಲೆನಾಡು. ಹೊನ್ನಾಳಿ ತುಂಗಭದ್ರೆಯ ದಂಡೆಯ, ಭದ್ರಾ ನಾಲೆಯ ಭತ್ತದ ಸೀಮೆ. ಜಗಳೂರು ಮಳೆ ಕಡಿಮೆಯಾದ, ಬಿಸಿಲು ಬಿರುಸಾದ ಅಪ್ಪಟ ಬಯಲುಸೀಮೆ. ಚಳಿಗಾಲದ ಮುಂಜಾನೆ ತೋಟದ ಮನೆಯಿಂದ ಹೊರಡುವ ಬೈಕಿಗೂ ಏಪ್ರಿಲ್ ಮಧ್ಯಾಹ್ನ ಜಗಳೂರಿನಲ್ಲಿ ಮೂರು ಜನರನ್ನು ಹೊತ್ತು ಓಡುವ ಬೈಕಿಗೂ ಒಂದೇ ಎಣ್ಣೆ ಒಂದೇ ರೀತಿ ವರ್ತಿಸುವುದಿಲ್ಲ.

ಕ್ಲಚ್ಚಿನೊಳಗೆ ಉಕ್ಕಿನ ಪ್ಲೇಟು, ಘರ್ಷಣೆಯ ಪ್ಲೇಟು ಒಂದರ ಪಕ್ಕ ಒಂದರಂತೆ ಜೋಡಿಸಿರುತ್ತವೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಾಗ ಎಂಜಿನ್ನಿನ ಬಲ ಗೇರಿಗೆ ಹೋಗುತ್ತದೆ. ಲಿವರ್ ಎಳೆದಾಗ ಪ್ಲೇಟುಗಳ ನಡುವೆ ಕೂದಲೆಳೆಯಷ್ಟು ಸಂದಿ ಬಿಡುತ್ತದೆ, ಆ ಸಂದಿಯಲ್ಲಿ ಎಣ್ಣೆ ತುಂಬಿರುತ್ತದೆ. ಎಣ್ಣೆ ತಣ್ಣಗೆ ಗಟ್ಟಿಯಾಗಿದ್ದರೆ ಅದೇ ಅಂಟಿನಂತಾಗಿ ಒಂದು ಪ್ಲೇಟು ಇನ್ನೊಂದನ್ನು ಎಳೆದುಕೊಂಡು ತಿರುಗುತ್ತದೆ. ಕ್ಲಚ್ ಎಳೆದಿದ್ದರೂ ಗೇರ್‌ಬಾಕ್ಸಿನ ಶಾಫ್ಟು ನಿಲ್ಲುವುದಿಲ್ಲ. ಮೊದಲ ಗೇರು ಹಾಕಿದಾಗ ಟಕ್ ಎಂಬ ಸದ್ದಿನೊಂದಿಗೆ ಗಾಡಿ ಮುಂದಕ್ಕೆ ಜಿಗಿಯುವುದು, ನಿಂತಲ್ಲಿ ನ್ಯೂಟ್ರಲ್ ಸಿಗದಿರುವುದು ಇದರ ಲಕ್ಷಣ. ಗ್ಯಾರೇಜಿನ ಮಾತಿನಲ್ಲಿ ಇದು ‘ಕ್ಲಚ್ ಬಿಡ್ತಿಲ್ಲ’. ಎಣ್ಣೆ ಕಾದ ಮೇಲೆ ಕ್ಲಚ್ಚು ಕಚ್ಚದೆ ಎಂಜಿನ್ನು ಮಾತ್ರ ಕೂಗಿ, ಗಾಡಿ ಮುಂದೆ ಹೋಗದಿದ್ದರೆ ಅದು ‘ಕ್ಲಚ್ ಸ್ಲಿಪ್’. ಒಂದು ತಣ್ಣಗಿರುವಾಗಿನ ದೂರು, ಇನ್ನೊಂದು ಬಿಸಿಯಾದಾಗಿನದು.

ಎಣ್ಣೆಯ ಸ್ನಿಗ್ಧತೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಎಸ್‌ಎಇ 40 ದರ್ಜೆಯ ಸಾದಾ ಎಣ್ಣೆಯೇ ಸಾಕ್ಷಿ. ನೂರು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಸುಮಾರು 14 ಸೆಂಟಿಸ್ಟೋಕ್ಸ್ ಇದ್ದರೆ, ನಲವತ್ತು ಡಿಗ್ರಿಯಲ್ಲಿ 140ರ ಆಸುಪಾಸು, ಅಂದರೆ ಹತ್ತು ಪಟ್ಟು ಗಟ್ಟಿ. ಚಳಿಗಾಲದ ಬೆಳಗಿನಲ್ಲಿ ಇನ್ನೂ ಕೆಲವು ಪಟ್ಟು ಮಂದ. 20ಡಬ್ಲ್ಯು-40 ಎಂಬ ಬಹುದರ್ಜೆಯ ಎಣ್ಣೆ ಬಿಸಿಯಲ್ಲಿ ಈ ಸಾದಾ ನಲವತ್ತರಷ್ಟೇ ಗಟ್ಟಿಯಾಗಿದ್ದು, ತಂಪಿನಲ್ಲಿ ಅದಕ್ಕಿಂತ ತೆಳುವಾಗಿರುತ್ತದೆ. ಡಬ್ಲ್ಯು ಅಕ್ಷರ ಚಳಿಗಾಲದ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಮುಂಜಾನೆಯ ಗೇರು ಹಗುರ.

ಮೂರೂ ಕೋಣೆ ಬೇರೆಯಾಗಿದ್ದ ಗಾಡಿ ರಾಯಲ್ ಎನ್‌ಫೀಲ್ಡ್ ಬುಲೆಟ್. 1955ರಿಂದ ಮದರಾಸಿನಲ್ಲಿ ತಯಾರಾದ ಈ ಬೈಕಿನ ಎಂಜಿನ್ನಿಗೆ ಒಂದು ಎಣ್ಣೆ, ಕ್ಲಚ್ಚು ಮತ್ತು ಪ್ರೈಮರಿ ಚೈನು ಇರುವ ಎಡಗಡೆಯ ಡಬ್ಬಿಗೆ ಒಂದು ಎಣ್ಣೆ, ಹಿಂದಿನ ಆಲ್ಬಿಯನ್ ಮಾದರಿಯ ನಾಲ್ಕು ಗೇರಿನ ಪೆಟ್ಟಿಗೆಗೆ ಮೂರನೆಯದು. ಗೇರ್ ಪೆಟ್ಟಿಗೆಯಿಂದ ಎಣ್ಣೆ ಒಸರುವುದು ಸಾಮಾನ್ಯವಾದ್ದರಿಂದ ಅದಕ್ಕೆ ಗ್ರೀಸನ್ನೇ ತುಂಬುವುದು, ಗ್ರೀಸಿಗೆ ಎಸ್‌ಎಇ 90ರ ಗೇರ್ ಎಣ್ಣೆ ಬೆರೆಸುವುದು ರೂಢಿಯಾಯಿತು. ಅಲ್ಲಿ ಎಷ್ಟು ದಪ್ಪ ಪದಾರ್ಥ ತುಂಬಿದರೂ ಕ್ಲಚ್ಚಿಗೆ ತಟ್ಟುತ್ತಿರಲಿಲ್ಲ, ನಡುವೆ ಗೋಡೆಯಿತ್ತು. ‘ಗೇರಿಗೆ ದಪ್ಪ ಎಣ್ಣೆ ಒಳ್ಳೇದು’ ಎಂಬ ಮಾತಿಗೆ ಬುಲೆಟ್ಟಿನ ಮಟ್ಟಿಗೆ ಆಧಾರವಿತ್ತು.

ಮೊದಲ ಗೋಡೆ ಬಿದ್ದದ್ದು ಮೈಸೂರಿನ ಗಾಡಿಯಲ್ಲಿ. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಲ್ಲಿ ಫಾರೂಕ್ ಇರಾನಿ ಮತ್ತು ಜೊತೆಗಾರರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾಯಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ ಅದರ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಸುಟ್ಟುಹೋಗುತ್ತಿತ್ತು. ಆದರೆ ಪ್ರೈಮರಿ ಚೈನು, ಕ್ಲಚ್ಚು, ಗೇರು ಮೂರಕ್ಕೂ ಸುಮಾರು ಒಂದು ಲೀಟರಿನ ಒಂದೇ ಕೊಳ. ಅದಕ್ಕೆ ವಾಡಿಕೆಯಲ್ಲಿ ಎಸ್‌ಎಇ 30 ಅಥವಾ 40ರ ಸಾದಾ ಎಣ್ಣೆ, ಮುಂದೆ 20ಡಬ್ಲ್ಯು-40 ಬಿದ್ದವು.

ಈ ಗಾಡಿಯ ಕ್ಲಚ್ ಪ್ಲೇಟುಗಳಲ್ಲಿ ಬಾಟಲಿಯ ಬಿರಡೆಗೆ ಬಳಸುವ ಬೆಂಡಿನ ಬಿಲ್ಲೆಗಳನ್ನೇ ಕೂರಿಸುತ್ತಿದ್ದರು. ಬೆಂಡು ಎಣ್ಣೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಮೆತ್ತಗೆ ಕಚ್ಚುತ್ತದೆ. ಒಣಗಿದರೆ ಮಾತ್ರ ಸುಟ್ಟು ಪುಡಿಯಾಗುತ್ತದೆ. ಆದ್ದರಿಂದ ಹೊಸ ಪ್ಲೇಟುಗಳನ್ನು ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿ ಬೆಳಿಗ್ಗೆ ಜೋಡಿಸುವುದು ಪದ್ಧತಿ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಬೆಂಡು ಮತ್ತು ಉಕ್ಕಿನ ಪ್ಲೇಟು ಅಂಟಿಕೊಳ್ಳುತ್ತಿದ್ದವು. ಅದಕ್ಕೆ ಪರಿಹಾರವನ್ನು ಯಾವ ಅಂಗಡಿಯಿಂದಲೂ ತರಬೇಕಿರಲಿಲ್ಲ. ಯೆಜ್ಡಿಯ ಗೇರ್ ಲಿವರೇ ಕಿಕ್ಕರ್ ಕೂಡ. ಅದನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಇಗ್ನಿಷನ್ ಹಾಕುವ ಮೊದಲೇ ಕೈಯಲ್ಲಿ ಕ್ಲಚ್ ಪೂರ್ತಿ ಎಳೆದು ಹಿಡಿದು ನಾಲ್ಕಾರು ಸಲ ಕಿಕ್ಕರ್ ತುಳಿದರೆ ಪ್ಲೇಟುಗಳು ಚಟ್ಟನೆ ಬಿಟ್ಟುಕೊಳ್ಳುತ್ತವೆ. ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ನು ಒಂದೆರಡು ನಿಮಿಷ ಓಡಿದ ಮೇಲೆ ಲಿವರನ್ನು ಗೇರಿಗೆ ಇಳಿಸಿದರೆ ಟಕ್ ಎಂಬ ಸದ್ದೂ ಇಲ್ಲ, ಜಿಗಿತವೂ ಇಲ್ಲ. ಗೇರ್ ಲಿವರ್ ಒತ್ತಿದಾಗ ಕ್ಲಚ್ಚು ತಾನೇ ಬಿಡುವ ಅರೆ-ಸ್ವಯಂಚಾಲಿತ ಏರ್ಪಾಡೂ ಈ ಗಾಡಿಯಲ್ಲಿತ್ತು. ಕೇಬಲ್ ತುಂಡಾದರೂ ಊರು ಸೇರಬಹುದಿತ್ತು. ಎಣ್ಣೆ ತೀರ ಗಟ್ಟಿಯಾಗಿದ್ದರೆ ಮಾತ್ರ ಆ ಅರೆಬರೆ ಬಿಡುವಿಕೆ ಸಾಲದೆ ಗೇರು ಕಿರಗುಟ್ಟುತ್ತಿತ್ತು.

ಬುಲೆಟ್ಟಿನ ರೂಢಿ ಯೆಜ್ಡಿಗೆ ಬಂದಲ್ಲಿ ತೊಂದರೆ ಶುರುವಾಯಿತು. ತೊಂಬತ್ತರ ಗೇರ್ ಎಣ್ಣೆಯೆಂದರೆ ನಲವತ್ತರ ಎರಡು ಪಟ್ಟಿಗೂ ಹೆಚ್ಚು ದಪ್ಪ ಎಂಬ ನಂಬಿಕೆ ಇಂದಿಗೂ ಇದೆ. ಅದು ಸರಿಯಲ್ಲ. ಎಂಜಿನ್ ಎಣ್ಣೆಯ ಅಳತೆಗೋಲು ಬೇರೆ, ಗೇರ್ ಎಣ್ಣೆಯದು ಬೇರೆ. ಎಸ್‌ಎಇ 90ರ ಗೇರ್ ಎಣ್ಣೆ ಬಿಸಿಯಲ್ಲಿ ಎಸ್‌ಎಇ 40 ಅಥವಾ 50ರ ಎಂಜಿನ್ ಎಣ್ಣೆಗೆ ಹತ್ತಿರ. ಅಪಾಯವಿದ್ದದ್ದು ದಪ್ಪದಲ್ಲಲ್ಲ, ಅದರೊಳಗಿನ ಗಂಧಕ-ರಂಜಕದ ಮಿಶ್ರಣದಲ್ಲಿ. ಲಾರಿಯ ಹಿಂಬದಿ ಗೇರುಗಳಿಗೆಂದು ತಯಾರಾದ ಅಂಥ ಎಣ್ಣೆ ಲೋಹದ ಮೇಲೆ ರಕ್ಷಣೆಯ ಪದರ ಕಟ್ಟುತ್ತದೆ. ಕ್ಲಚ್ ಪ್ಲೇಟಿಗೆ ಆ ಪದರವೇ ಜಾರುಬಂಡೆ, ಕಾದಾಗ ಹಿತ್ತಾಳೆ-ಕಂಚಿನ ಬುಶ್ಶುಗಳಿಗೆ ಸವಕಳಿ.

1984-85ರಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. ಇಂಡ್-ಸುಜುಕಿ, ಯಮಾಹಾ ಆರ್‌ಎಕ್ಸ್ 100 ಟೂ-ಸ್ಟ್ರೋಕ್ ಆಗಿದ್ದವು, ಕ್ಲಚ್ಚು-ಗೇರುಗಳ ಕೊಳ ಯೆಜ್ಡಿಯಂತೆಯೇ ಪ್ರತ್ಯೇಕ. ಬೆಂಕಿಯ ಮಸಿ ತಾಗದ ಆ ಎಣ್ಣೆ ಬಹುಕಾಲ ಬಾಳುತ್ತಿತ್ತು, ಆದ್ದರಿಂದ ಬದಲಿಸಬೇಕೆಂಬುದೇ ಹಲವರಿಗೆ ಮರೆಯುತ್ತಿತ್ತು. ನೆನಪಿಸುತ್ತಿದ್ದದ್ದು ಹೊಗೆ. ಕ್ರ್ಯಾಂಕಿನ ಆಯಿಲ್ ಸೀಲು ಹೋದರೆ ಎಂಜಿನ್ನು ಗೇರ್ ಎಣ್ಣೆಯನ್ನೇ ಹೀರಿ ಬಿಳಿಹೊಗೆ ಉಗುಳುತ್ತದೆ. ಗೇರ್‌ಬಾಕ್ಸು ಬರಿದಾದಂತೆ ಕ್ಲಚ್ಚು ಬೇಯುತ್ತದೆ.

ಎರಡನೆಯ ಗೋಡೆಯನ್ನು ಕೆಡವಿದ್ದು 1985ರ ಹೀರೋ ಹೋಂಡಾ ಸಿಡಿ 100. ಈ 97 ಸಿಸಿ ಫೋರ್-ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ನು, ಕ್ಲಚ್ಚು, ಗೇರು ಎಲ್ಲಕ್ಕೂ ಒಂದು ಲೀಟರಿಗೂ ಕಡಿಮೆಯಾದ ಒಂದೇ ಎಣ್ಣೆ. 1994ರ ಸ್ಪ್ಲೆಂಡರ್ ಅದನ್ನೇ ಮುಂದುವರಿಸಿತು, ಹಳ್ಳಿಯ ಹಾಲಿನ ಕ್ಯಾನಿನಿಂದ ಅಡಿಕೆಯ ಮೂಟೆಯವರೆಗೆ ಎಲ್ಲವನ್ನೂ ಹೊತ್ತಿತು. ಎಣ್ಣೆ ಈಗ ಸಿಲಿಂಡರಿನ ಬೆಂಕಿಯನ್ನೂ ತಡೆಯಬೇಕು, ಮಸಿಯನ್ನೂ ಹೊರಬೇಕು, ಗೇರಿನ ಹಲ್ಲಿನ ನಡುವೆ ಅರೆದೂ ಉಳಿಯಬೇಕು, ಕ್ಲಚ್ಚನ್ನೂ ಜಾರಿಸಬಾರದು. ಎಣ್ಣೆಯನ್ನು ತೆಳುವಾಗಿಸುವುದು ಗೇರಿನ ಹಲ್ಲುಗಳು ಅದನ್ನು ಅರೆಯುವ ಕ್ರಿಯೆ. ಹೀಗಾಗಿ ಹಳೆಯ ಎಣ್ಣೆಯ ಗಾಡಿಯಲ್ಲಿ ಮೊದಲು ಕೆಡುವುದು ಗೇರಿನ ನಯ. ಎಣ್ಣೆ ಬದಲಿಸಿದ ದಿನ ಗೇರು ಬೆಣ್ಣೆಯಂತೆ ಬೀಳುತ್ತದೆ ಎಂಬ ಸವಾರರ ಅನುಭವಕ್ಕೆ ಕಾರಣ ಇದೇ.

ಹೊಸ ತೊಡಕು ಕಾರಿನ ಕಡೆಯಿಂದ ಬಂತು. ತೊಂಬತ್ತರ ದಶಕದಲ್ಲಿ ಇಂಧನ ಉಳಿಸಲೆಂದು ಕಾರಿನ ಎಣ್ಣೆಗೆ ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸತೊಡಗಿದರು. ಒಣ ಕ್ಲಚ್ಚಿನ ಕಾರಿಗೆ ಅದರಿಂದ ನಷ್ಟವಿರಲಿಲ್ಲ, ಬೈಕಿನ ಕ್ಲಚ್ಚು ಜಾರಿತು. ಆದ್ದರಿಂದ ಜಪಾನಿನ ವಾಹನ ಗುಣಮಟ್ಟ ಸಂಸ್ಥೆ 1998ರಲ್ಲಿ ಜಾಸೋ ಟಿ 903 ಎಂಬ ಮಾನಕ ಹೊರತಂದು, ಫೋರ್-ಸ್ಟ್ರೋಕ್ ಬೈಕಿನ ಎಣ್ಣೆಯನ್ನು ಕ್ಲಚ್ಚಿನ ಹಿಡಿತದ ಮೇಲೆ ವಿಂಗಡಿಸಿತು. ಎಂಎ ಎಂದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ತಕ್ಕದ್ದು. ಎಂಬಿ ಎಂದರೆ ಘರ್ಷಣೆ ಕಡಿಮೆ, ಒಣ ಕ್ಲಚ್ಚಿನ ಸ್ಕೂಟರಿಗೆ. 2006ರ ಪರಿಷ್ಕರಣೆಯಲ್ಲಿ ಎಂಎ1, ಎಂಎ2 ಎಂಬ ಒಳದರ್ಜೆಗಳು ಬಂದವು, ಎಂಎ2 ಹೆಚ್ಚು ಹಿಡಿತದ್ದು. ಡಬ್ಬಿಯ ಹಿಂಬದಿಯ ಸಣ್ಣ ಚೌಕದಲ್ಲಿ ಇರುವ ಈ ಎರಡು ಅಕ್ಷರ ಮುಂಬದಿಯ ದೊಡ್ಡ ಹೆಸರಿಗಿಂತ ಕ್ಲಚ್ಚಿಗೆ ಮುಖ್ಯ. ಕಾರಿನ ಡಬ್ಬಿಯಲ್ಲಿ ಉಳಿದ ಎಣ್ಣೆಯನ್ನು ಬೈಕಿಗೆ ಸುರಿಯುವ ಉಳಿತಾಯ ಹಲವು ಸಲ ಕ್ಲಚ್ ಪ್ಲೇಟಿನ ಖರ್ಚಾಗಿ ಮುಗಿಯುತ್ತದೆ.

ದರ್ಜೆಯ ಆಯ್ಕೆ ಗಾಡಿಯಿಂದ ಗಾಡಿಗೆ ಬೇರೆ. ಹೀರೋ, ಹೋಂಡಾದ ಚಿಕ್ಕ ಗಾಡಿಗಳಿಗೆ 10ಡಬ್ಲ್ಯು-30, ಬಜಾಜ್ ಪಲ್ಸರಿಗೆ 20ಡಬ್ಲ್ಯು-50, ಎಂಜಿನ್ನು-ಗೇರು ಒಂದಾದ ನಂತರದ ಬುಲೆಟ್ಟಿಗೆ 15ಡಬ್ಲ್ಯು-50 ಎಂದು ತಯಾರಕರು ಹೇಳಿದ್ದಾರೆ. 10ಡಬ್ಲ್ಯು-30 ಹಾಕಬೇಕಾದಲ್ಲಿ ಬಿಸಿಲಿಗೆಂದು 20ಡಬ್ಲ್ಯು-50 ಹಾಕಿದರೆ ಜಗಳೂರಿನ ಮಧ್ಯಾಹ್ನ ತಿಳಿಯದಿದ್ದರೂ ನ್ಯಾಮತಿಯ ಡಿಸೆಂಬರ್ ಮುಂಜಾನೆ ಮೊದಲ ಗೇರು ಅದನ್ನು ತಿಳಿಸುತ್ತದೆ. ನೀರಾವರಿ ಸೀಮೆಯಲ್ಲಿ ಇನ್ನೊಂದು ಪಿಡುಗಿದೆ. ಗದ್ದೆಯ ಬದಿಯ ಕೆಸರು, ತುಂಬಿದ ಹಳ್ಳ ದಾಟುವಾಗ ನೀರು ಒಳಗಿಳಿದರೆ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಂಥ ಎಣ್ಣೆಗೆ ದರ್ಜೆಯ ಲೆಕ್ಕವೇ ಇಲ್ಲ, ಕೂಡಲೇ ಬಸಿಯಬೇಕು.

ಜಾವಾ ಹೆಸರು 2018ರ ನವೆಂಬರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಈ ಸಲ ಅದು ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುವ ಗಾಡಿಯಲ್ಲ, 293 ಸಿಸಿಯ, ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್. ಬೆಂಡಿನ ಬಿಲ್ಲೆಯೂ ಇಲ್ಲ, ಕಿಕ್ಕರಾಗುವ ಗೇರ್ ಲಿವರೂ ಇಲ್ಲ. ಎಂಜಿನ್ನು, ಕ್ಲಚ್ಚು, ಗೇರುಗಳಿಗೆ ಒಂದೇ ಎಣ್ಣೆ.