ಚಂದ್ರನ ಇರುಳಿಗೊಂದು ಕೆಂಡ
2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ 'ವಿಕ್ರಮ್', ಹದಿನಾಲ್ಕು ದಿನಗಳ ಇರುಳು ಕಳೆದ ಮೇಲೆ ಬೆಂಗಳೂರಿನ ಕರೆಗೆ ಓಗೊಡಲಿಲ್ಲ. ಸೌರಫಲಕ ನಂಬಿದ ಯಂತ್ರಕ್ಕೆ ಆ ಚಳಿ ತಡೆಯುವುದು ಕಷ್ಟ. ಸೋವಿಯತ್ ಒಕ್ಕೂಟದ 'ಲುನೊಖೋದ್-1' ಬಂಡಿ 1970ರಲ್ಲೇ ಒಡಲಲ್ಲಿ ಪೊಲೋನಿಯಂ-210 ಇಟ್ಟುಕೊಂಡು ಹೋಗಿ, ಇಂಥ ಹಲವು ಇರುಳುಗಳನ್ನು ದಾಟಿತು. ವಿಕಿರಣ ಧಾತು ತಾನಾಗಿ ಕ್ಷಯಿಸುವಾಗ ಹೊಮ್ಮುವ ಶಾಖವೇ ಈ ಕೆಂಡ, ಊದುವವರು ಬೇಕಿಲ್ಲ. ಅದರಿಂದ ವಿದ್ಯುತ್ತನ್ನೂ ಪಡೆಯಬಹುದು. 1977ರ ವಾಯೇಜರ್ ನೌಕೆಗಳು ಪ್ಲುಟೋನಿಯಂ-238ರ ಬಿಸಿಯನ್ನು ವಿದ್ಯುತ್ತಾಗಿಸಿಕೊಂಡೇ ಗ್ರಹಗಳಾಚೆ ಸಾಗಿದವು. ಈ ಬಿಸಿಯ ಅವಕೆಂಪು ಬೆಳಕನ್ನು ಸೌರಕೋಶದಂಥ ಕೋಶಕ್ಕೆ ಉಣಿಸುವ ವಿಧಾನ ಮಾತ್ರ ಇನ್ನೂ ಪ್ರಯೋಗಶಾಲೆಯಲ್ಲಿದೆ.

ಅಂದಹಾಗೆ, ವಿಕ್ರಮನನ್ನು ಚಂದ್ರನವರೆಗೆ ಹೊತ್ತೊಯ್ದ ನೌಕೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಎರಡು ಶಾಖ ಘಟಕಗಳಿದ್ದವು, ತಲಾ ಒಂದೇ ವಾಟ್. ವಿಕ್ರಮನೊಳಗೆ ಒಂದೂ ಇರಲಿಲ್ಲ.